ಒಂಬತ್ತು ದಿನದ ಪದ್ಯ

ಅಕ್ಕ ಮಾತು ಬಿಟ್ಟ ಆರನೆಯ ದಿನ ಮಧ್ಯಾಹ್ನ ಅವಳ ಕೋಣೆಯ ಏಸಿಯಿಂದ ಮೊದಲ ಹನಿ ಒಳಗೆ ಬಿತ್ತು. ನಾನು ಅಡುಗೆಮನೆಯಲ್ಲಿ ಅವಳ ಗಂಜಿಯನ್ನು ಆರಿಸುತ್ತಿದ್ದೆ. ಟಪ್ ಎಂದಿತು. ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಈ ಮನೆಯ ಸದ್ದುಗಳೆಲ್ಲ ನನಗೆ ಗೊತ್ತು. ಯಾವ ಬಾಗಿಲು ಯಾವ ತಿರುಗಣಿಯಲ್ಲಿ ನರಳುತ್ತದೆ, ಯಾವ ಹಲ್ಲಿ ಯಾವ ಮೂಲೆಯಲ್ಲಿ ಲೊಚಗುಟ್ಟುತ್ತದೆ ಎಂಬುದೂ ಗೊತ್ತು. ಇದು ಹೊಸದು. ಬಟ್ಟಲನ್ನು ಅಲ್ಲೇ ಬಿಟ್ಟು ಕೋಣೆಗೆ ಹೋದೆ.

ಅಕ್ಕ ಮಂಚದ ಮೇಲೆ ಎದ್ದು ಕೂತಿದ್ದಳು. ಕತ್ತಿನ ಸುತ್ತ ಬಿಳಿ ಪಟ್ಟಿ, ಮಡಿಲಲ್ಲಿ ಸ್ಲೇಟು. ಗೋಡೆಯ ಮೇಲಿನ ಯಂತ್ರದ ಎಡ ಮೂಲೆಯಲ್ಲಿ ನೀರು ಸೇರಿ ದಪ್ಪವಾಗುತ್ತಿತ್ತು. ಒಂದು ಹನಿ ನೆಲಕ್ಕೆ ಬಿದ್ದರೆ ಇನ್ನೊಂದು ಗೋಡೆ ಹಿಡಿದು ಇಳಿಯುತ್ತಿತ್ತು. ನನ್ನನ್ನು ಕಂಡದ್ದೇ ಅವಳು ಬೆನ್ನು ನೆಟ್ಟಗೆ ಮಾಡಿದಳು, ಗಲ್ಲ ಸ್ವಲ್ಪ ಮೇಲೆತ್ತಿದಳು. ಹೇಳುವ ಮೊದಲು ಅವಳು ಯಾವಾಗಲೂ ಹಾಗೆ ಮಾಡುತ್ತಾಳೆ.

"ಅಕ್ಕ, ಬೇಡ," ಎಂದೆ. "ನಿನ್ ಕೈ ಮುಗೀತೀನಿ. ನಾನು ನೋಡ್ತೀನಿ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಳಪ ತಗೊಂಡು ಬರೆದು ತೋರಿಸಿದಳು. "ನಾನು ಕೊನೆಗೆ ಹೇಳಿದಾಗಲೇ ನನ್ನ ದನಿ ಹೋಗಿತ್ತು."

ಅಕ್ಕನ ಹೆಸರು ಮರುದೇವಿ. ಊರಿಗೆಲ್ಲ ಮರುದಕ್ಕ. ನೀರಿಗೆ ಹೇಳುವುದು ಅವಳ ಕೆಲಸ. ನಮ್ಮ ಊರಿನಲ್ಲಿ ನೀರು ಬೀಳುವುದೇನೋ ತಾನಾಗಿ ಬೀಳುತ್ತದೆ, ಹರಿಯಬೇಕಾದರೆ ಪದ್ಯ ಹೇಳಬೇಕು. ಬಚ್ಚಲ ಮೋರಿಗೆ, ಬೀದಿಯ ಚರಂಡಿಗೆ, ಛಾವಣಿಯ ದೋಣಿಗೆ, ಒಂದೊಂದಕ್ಕೂ ಅದರದೇ ನಾಲ್ಕು ಸಾಲು. ಒಮ್ಮೆ ಸರಿಯಾಗಿ ಹೇಳಿದರೆ ಹದಿನೈದು ದಿನ ನಡೆಯುತ್ತದೆ. ಪದ್ಯದಲ್ಲಿ ಸುಳ್ಳಿರಬಾರದು, ಅಷ್ಟೆ. ಗಾಣದ ಬೀದಿಯ ಒಂದು ಮನೆಯ ಪದ್ಯದಲ್ಲಿ "ನುಗ್ಗೆಯ ನೆರಳಲಿ ನಡೆ" ಎಂದಿತ್ತು. ಮದುವೆಯ ಚಪ್ಪರಕ್ಕೆ ಜಾಗ ಸಾಲದೆಂದು ನುಗ್ಗೆ ಮರ ಕಡಿದರು. ಮರುದಿನ ಬಚ್ಚಲು ಕಟ್ಟಿತು, ಬಂದ ಬೀಗರು ಎಂಜಲು ಕೈಯಲ್ಲೇ ಕೂತರು. ಅಕ್ಕ ಹೋಗಿ ನುಗ್ಗೆಯ ನೆರಳು ತೆಗೆದು ಬಿಸಿಲು ಹಾಕಿ ಹೇಳಿದಳು. ಗುಳುಗುಳು ಎಂದು ಹೊರಟಿತು. ಹೊಸ ಮನೆಯ ಕೊಳವೆಗಳಿಗೆ ಪದ್ಯ ಕಟ್ಟುವುದು, ಹಳೆಯವನ್ನು ತಿದ್ದುವುದು, ದನಿ ಬಿದ್ದವರ ಮನೆಗೆ ಹೋಗಿ ಹೇಳಿ ಬರುವುದು, ಮೂವತ್ತು ವರ್ಷದಿಂದ ಅವಳದು ಇದೇ ಬದುಕು.

ಇನ್ನೊಂದು ಮಾತಿದೆ. ನೀರಿಗೆ ಹೇಳಬೇಕು, ಕೈ ಮಾಡಬಾರದು. ಕೊಳವೆಯೊಳಗೆ ಕಡ್ಡಿ, ತಂತಿ, ಬೆರಳು ಏನೂ ಹೋಗಬಾರದು. ಕೈ ಹಾಕಿದ ಕೊಳವೆ ಆಮೇಲೆ ಆ ಮನೆಯ ಮಾತು ಕೇಳುವುದಿಲ್ಲ ಎಂದು ಊರಿನ ನಂಬಿಕೆ. ಹಾಗೆ ಮಾಡಿದ ಮನೆ ಯಾವುದೂ ನನಗೆ ಗೊತ್ತಿಲ್ಲ. ಇದ್ದರೂ ಯಾರೂ ಹೇಳಿಕೊಳ್ಳುವುದಿಲ್ಲ. ನೀರು ಕಟ್ಟಿದರೆ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ, ಅದಕ್ಕೂ ಆಗದಿದ್ದರೆ ಅಕ್ಕನನ್ನು ಕರೆಯುತ್ತಾರೆ.

ಆ ಅಕ್ಕನ ಗಂಟಲಲ್ಲಿ ಗಂಟು ಎದ್ದಿತ್ತು. ಅದನ್ನು ತೆಗೆದು ಹೊಲಿಗೆ ಹಾಕಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಹದಿನೈದು ದಿನ ಒಂದಕ್ಷರ ಬೇಡ. ಪಿಸುಮಾತೂ ಬೇಡ. ಕೆಮ್ಮೋದಕ್ಕೂ ಬಿಡಬೇಡಿ. ಹೊಲಿಗೆ ಬಿಟ್ಟರೆ ದನಿ ಮತ್ತೆ ಬರೋದಿಲ್ಲ," ಎಂದಿದ್ದರು. ನಮ್ಮ ಊರಿನ ಬಡಗಣ ದಿಕ್ಕಿಗೆಲ್ಲ ಉಪ್ಪಿನ ಬಯಲು. ಬೇಸಗೆಯಲ್ಲಿ ಮೂರು ಗಂಟೆ ದಾಟಿತೆಂದರೆ ಅಲ್ಲಿಂದ ಗಾಳಿ ಏಳುತ್ತದೆ, ಗಂಟಲಿಗೆ ಉಪ್ಪಿನ ಪುಡಿ ಹೊಡೆದಂತೆ ಇಡೀ ಊರು ಕೆಮ್ಮುತ್ತದೆ. ಅದಕ್ಕೇ ಅಕ್ಕನ ಕೋಣೆಯ ಕಿಟಕಿಗಳ ಸಂದಿಗೆಲ್ಲ ಬಟ್ಟೆ ತುರುಕಿ, ಏಸಿಯೊಂದನ್ನೇ ನಂಬಿ ಕೂತಿದ್ದೆ. ಈಗ ಅದೇ ಕೈ ಕೊಡುತ್ತಿತ್ತು.

ಮೊದಲು ಬಕೆಟ್ಟು ಇಟ್ಟೆ. ನೆಲಕ್ಕೆ ಬೀಳುವ ಹನಿ ಅದರಲ್ಲಿ ಸೇರಿತು. ಗೋಡೆ ಹಿಡಿದು ಇಳಿಯುವ ನೀರಿಗೆ ಬಕೆಟ್ಟು ಏನು ಮಾಡೀತು? ಅದರ ದಾರಿಯಲ್ಲೇ ಏಸಿಯ ಪ್ಲಗ್ಗು. ಕುರ್ಚಿ ಹತ್ತಿ ಟವೆಲ್ಲನ್ನು ಸುತ್ತಿ ಯಂತ್ರದ ಅಂಚಿಗೆ ಕಟ್ಟಿದೆ. ಟವೆಲ್ಲು ಸ್ವಲ್ಪ ಹೊತ್ತು ಕುಡಿಯಿತು, ಆಮೇಲೆ ತಾನೂ ಸೋರತೊಡಗಿತು. ಅಕ್ಕ ಸ್ಲೇಟನ್ನು ಎತ್ತಿ ಮಂಚಕ್ಕೆ ಬಡಿದಳು. ತಿರುಗಿದೆ. ಪ್ಲಗ್ಗಿನೊಳಗೆ ಚಿಟಿಚಿಟಿ ಎನ್ನುತ್ತಿತ್ತು. ಹೊರಗಿನ ಬೋರ್ಡಿಗೆ ಓಡಿ ಆ ಕೋಣೆಯ ಫ್ಯೂಸನ್ನೇ ತೆಗೆದುಬಿಟ್ಟೆ. ಏಸಿ ಉಸಿರು ಬಿಟ್ಟಂತೆ ಸದ್ದು ಮಾಡಿ ನಿಂತಿತು. ಆಗ ಒಂದು ಗಂಟೆ.

"ಹಿಂದೆ ಯಾವತ್ತಾದ್ರೂ ನೀನು ಹೇಳಿದ್ದು ತಪ್ಪಿದೆಯಾ?" ಎಂದು ಕೇಳಿದೆ. "ಆಸ್ಪತ್ರೆಗೆ ಹೊರಡೋ ಸಂಜೆ ಎಲ್ಲಾ ಕೊಳವೆಗೂ ಹೇಳಿದ್ಯಲ್ಲ. ಬಚ್ಚಲು ಹರೀತಿದೆ, ಅಡುಗೆಮನೆ ಹರೀತಿದೆ."

ಅವು ಹಳೇ ಕೊಳವೆ, ದಾರಿ ಗೊತ್ತು, ಎಂದು ಬರೆದಳು. ಒರೆಸಿ ಮತ್ತೆ ಬರೆದಳು. "ಇದಕ್ಕೆ ಹೇಳುವಾಗ ಮೂರನೇ ಸಾಲಿನಲ್ಲಿ ದನಿ ಒಡೆಯಿತು. ನಿನಗೆ ಕೇಳಿಸಿತ್ತು. ನೀನು ಹೇಳಲಿಲ್ಲ."

ಕೇಳಿಸಿತ್ತು. ನಾನು ಹೇಳಿರಲಿಲ್ಲ. ಅವಳ ದನಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನನಗೆ ಕೇಳಿಸುತ್ತದೆ. ಬಸದಿಯಲ್ಲಿ ಸಂಜೆಹೊತ್ತು ಕಾವ್ಯ ಓದಿಸುತ್ತಾರೆ. ನಾನು ಅಲ್ಲಿ ದೀಪ ಹಚ್ಚುತ್ತೇನೆ, ಚಾಪೆ ಹಾಸುತ್ತೇನೆ, ಹಿಂದಿನ ಕಂಬಕ್ಕೆ ಒರಗಿ ಕೇಳುತ್ತೇನೆ. ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ. ಬಾಯಿ ಬಿಟ್ಟಿದ್ದು ಒಂದೇ ಸಲ, ಒಂಬತ್ತನೆಯ ವಯಸ್ಸಿನಲ್ಲಿ. ಶಾಲೆಯ ಅಂಗಳದಲ್ಲಿ ನಲ್ಲಿಯ ಕೆಳಗಿನ ಕಾಲುವೆಗೆ ಹೇಳು ಎಂದು ಮೇಷ್ಟರು ನಿಲ್ಲಿಸಿದರು. ಹೇಳಿದೆ. ಕಾಲುವೆಯ ನೀರು ಅಲುಗಾಡಲಿಲ್ಲ, ನನ್ನ ಕಾಲ ಹತ್ತಿರ ಕೆರೆಯ ಹಾಗೆ ನಿಂತಿತು. ಹುಡುಗರು ಅದರಲ್ಲಿ ಕಾಗದದ ದೋಣಿ ಬಿಟ್ಟರು. ಮೇಷ್ಟರು ಒಳ್ಳೆಯವರು. ತಲೆ ಸವರಿ, "ನಿನಗೆ ದೇವರು ಕಿವಿ ಕೊಟ್ಟಿದಾನೆ ಧರಣಪ್ಪ, ಕೂತ್ಕೊಂಡು ಕೇಳು," ಎಂದರು. ಅಂದಿನಿಂದ ಕೂತೇ ಇದ್ದೇನೆ.

ಮನೆಯ ಪಕ್ಕದ ಓಣಿಗೆ ಹೋದೆ. ಏಸಿಯ ನೀರಿನ ಕೊಳವೆ ಗೋಡೆಯಿಂದ ಹೊರಬಂದು ಕೆಳಗಿಳಿದು ನೆಲದಿಂದ ಒಂದು ಗೇಣು ಮೇಲೆ ಮುಗಿಯುತ್ತದೆ. ಬಿಳಿ ಪ್ಲಾಸ್ಟಿಕ್ಕು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದರ ಬಾಯಿಯ ಹತ್ತಿರ ಅಕ್ಕ ಬಸಳೆ ನೆಟ್ಟಿದ್ದಳು. ಬಳ್ಳಿ ಕೊಳವೆಯನ್ನೇ ಹಬ್ಬಿ ಕಿಟಕಿಯವರೆಗೆ ಏರಿತ್ತು. ಯಂತ್ರ ಹಾಕಿಸಿದ ವರ್ಷವೇ ಅವಳು ಇದಕ್ಕೆ ಪದ್ಯ ಕಟ್ಟಿದ್ದು. "ಹೊರಗೆ ದಾರಿಯುಂಟು, ಹೊಸಿಲು ತಗ್ಗಾಗಿದೆ, ಹೆದರದೆ ನಡೆಯಮ್ಮ ನೀರೇ, ಗೋಡೆಯಾಚೆಗೆ ಒಂದು ಬಳ್ಳಿ ಬಾಯಾರಿದೆ, ನಿನ್ನನೇ ನೆನೆದಿದೆ ನೀರೇ." ಈ ಪದ್ಯ ಕೇಳಿದರೆ ನೀರಿಗಷ್ಟೇ ಏಕೆ, ನನಗೂ ಎದ್ದು ಹೊರಗೆ ಹೋಗೋಣ ಅನ್ನಿಸುತ್ತಿತ್ತು.

"ಆಗ್ಲಿಂದ ನೋಡ್ತಿದೀನಿ, ಗೋಡೆಗೆ ಮುಖ ಹಾಕ್ಕೊಂಡು ನಿಂತಿದೀಯಲ್ಲ," ಎಂದು ಮೇಲಿನಿಂದ ದನಿ ಬಂತು. ಪಕ್ಕದ ಮನೆಯ ಕೆಂಚಾಂಬಕ್ಕ ಕಾಂಪೌಂಡಿನ ಮೇಲೆ ಮೊಣಕೈ ಊರಿದ್ದರು. ಗಂಡ ಹೋದ ಮೇಲೆ ಎಣ್ಣೆ ಗಿರಣಿ ನಡೆಸಿದವರು. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅವರ ದನಿ ಬಲಿತಿದೆ. "ಏನಾಯ್ತು? ನೀರು ಕಟ್ತಾ?"

"ಸ್ವಲ್ಪ ಮೆತ್ತಗೆ ಮಾತಾಡಿ ಕೆಂಚಾಂಬಕ್ಕ. ಒಳಗೆ ಕೇಳುತ್ತೆ."

"ಕೇಳ್ಲಿ ಬಿಡು. ಅವಳಿಗೆ ಗೊತ್ತಿಲ್ವಾ ಏನು? ಅಯ್ಯೋ, ಊರಿನ ನೀರನ್ನೆಲ್ಲ ನಡೆಸಿದವಳ ಮನೇಲೇ ನೀರು ನಿಂತ್ರೆ ಹೇಗಪ್ಪಾ! ಸರಿ, ಸರ್ಕೋ. ನಾನು ಹೇಳ್ತೀನಿ. ಪದ್ಯ ಯಾವುದು?"

ಹೇಳಿಕೊಟ್ಟೆ. ಹೇಳಿಕೊಡುವುದಕ್ಕೂ ನಾನು ಬಾಯಿಬಿಟ್ಟು ರಾಗ ಹಿಡಿಯಲಿಲ್ಲ, ಸಾಮಾನಿನ ಪಟ್ಟಿ ಓದಿದ ಹಾಗೆ ಓದಿದೆ. ಅವರು ಕಾಂಪೌಂಡು ಸುತ್ತಿಕೊಂಡು ಬಂದು, ಸೆರಗು ಸಿಕ್ಕಿಸಿ, ಬಸಳೆಯ ಎಲೆಯೊಂದನ್ನು ಸವರಿ, "ಬಳ್ಳಿ ಇದೆ, ಗೋಡೆ ಇದೆ, ಪದ್ಯದಲ್ಲಿ ಸುಳ್ಳೇನಿಲ್ಲ," ಎಂದು ತಮಗೆ ತಾವೇ ಒಪ್ಪಿಸಿಕೊಂಡು ಶುರುಮಾಡಿದರು. ಓಣಿಯ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಒಂದು ಸಲ ಹೇಳಿದರು. ಎರಡು ಸಲ. ಮೂರನೆಯ ಸಲಕ್ಕೆ ಮುಖ ಕೆಂಪಾಯಿತು. ಕೊಳವೆಯ ಬಾಯಿಯಿಂದ ಒಂದು ತೊಟ್ಟೂ ಬರಲಿಲ್ಲ.

"ನನ್ನ ಮಾತು ಮೀರಿದ ಮೋರಿ ಈ ಬೀದೀಲಿಲ್ಲ," ಎಂದು ಅವರು ಉಸಿರು ತೆಗೆದುಕೊಂಡರು. ಈಗ ದನಿ ನಿಜಕ್ಕೂ ಇಳಿದಿತ್ತು. "ಇದು ನಿಮ್ಮಕ್ಕನ ದನಿಗೇ ಹೊಂದಿಕೊಂಡಿದೆ ಕಣೋ. ಬೇರೆಯವರದ್ದು ನಡೆಯಲ್ಲ."

ಗೋಡೆಯ ಒಳಗೆ ಮಂಚ ಕಿರುಗುಟ್ಟಿತು. ಆ ಮಾತು ಎಲ್ಲಿ ತಲುಪಬಾರದಿತ್ತೋ ಅಲ್ಲಿಗೆ ತಲುಪಿತ್ತು.

ಒಳಗೆ ಹೋಗುವಷ್ಟರಲ್ಲಿ ಕೋಣೆ ಒಲೆಯಾಗಿತ್ತು. ಅಕ್ಕನ ಹಣೆಯಿಂದ ಬೆವರು ಇಳಿದು ಪಟ್ಟಿಯ ಅಂಚು ನೆನೆದಿತ್ತು. ಬೀಸಣಿಗೆ ತಗೊಂಡು ಬೀಸಿದೆ, ಒದ್ದೆ ಬಟ್ಟೆಯಿಂದ ಮುಖ ಒರೆಸಿದೆ. ಕಿಟಕಿ ತೆಗೆಯಲೇ ಎಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಬೇರೆ ಕೋಣೆಗೆ ಕರೆದೊಯ್ಯೋಣವೆಂದರೆ ನಡುಮನೆಗೆ ಜಂತಿಯ ಸಂದಿಯಲ್ಲೆಲ್ಲ ಗಾಳಿ. ಮೂರು ಹೊಡೆಯಿತು. ದೂರದಲ್ಲಿ ತಗಡುಗಳು ಅದುರುವ ಸದ್ದು ಕೇಳಿತು, ಬಯಲು ಎದ್ದಿತ್ತು. ಸ್ವಲ್ಪ ಹೊತ್ತಿಗೆಲ್ಲ ಬೀದಿಯ ಆ ತುದಿಯಿಂದ ಒಬ್ಬೊಬ್ಬರೇ ಕೆಮ್ಮತೊಡಗಿದರು, ಕೆಮ್ಮು ಮನೆಯಿಂದ ಮನೆಗೆ ದಾಟುತ್ತಾ ನಮ್ಮ ಬಾಗಿಲಿಗೆ ಬಂದು ನಿಂತಿತು.

ಅಕ್ಕ ಕೆಮ್ಮಿದಳು. ಒಂದೇ ಸಲ, ಬಾಯಿ ಮುಚ್ಚಿಕೊಂಡು, ಭುಜ ಮಾತ್ರ ಕುಲುಕುವ ಹಾಗೆ. ಕರವಸ್ತ್ರ ತೆಗೆದಳು. ಅದರ ಮೇಲೆ ಸಾಸಿವೆಯಷ್ಟು ಕೆಂಪು.

ಇಬ್ಬರೂ ಅದನ್ನು ನೋಡಿದೆವು. ಅವಳು ಕರವಸ್ತ್ರವನ್ನು ಮಡಚಿ ದಿಂಬಿನ ಕೆಳಗಿಟ್ಟು ಸ್ಲೇಟು ತಗೊಂಡಳು.

"ಹೀಗೇ ಕೆಮ್ಮಿದರೂ ಹೋಗುತ್ತದೆ. ಹೋಗುವ ದನಿಯಲ್ಲಿ ಒಂದು ಸಲ ಹೇಳಿಬಿಡುತ್ತೇನೆ."

"ಹುಚ್ಚಾ ನಿಂಗೆ? ಒಂದು ಏಸಿಗೋಸ್ಕರ?"

ಅವಳ ಬಳಪ ಒತ್ತಿ ಒತ್ತಿ ಓಡಿತು. "ಏಸಿಗಲ್ಲ. ನನ್ನ ಮಾತು ನೀರು ಕೇಳುತ್ತದೋ ಇಲ್ಲವೋ ನನಗೆ ಗೊತ್ತಾಗಬೇಕು. ಕೇಳದಿದ್ದರೆ ಈ ದನಿ ಇಟ್ಟುಕೊಂಡು ಏನು ಮಾಡಲಿ."

ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟೆ. ಅಮ್ಮ ಹೋದಾಗ ನನಗೆ ಹನ್ನೊಂದು, ಇವಳಿಗೆ ಹದಿನೇಳು. ರಾತ್ರಿ ನಿದ್ದೆ ಬಾರದೆ ಹೊರಳಿದರೆ ಪಕ್ಕದ ಹಾಸಿಗೆಯಿಂದ ಒಂದೊಂದೇ ಪದ್ಯ ಹೇಳುತ್ತಿದ್ದಳು. ನನ್ನ ಕಿವಿಯಲ್ಲಿ ಏನಿದೆಯೋ ಅದೆಲ್ಲ ಅವಳು ಹಾಕಿದ್ದು. "ಒಂದು ಗಂಟೆ ಕೊಡು," ಎಂದೆ. "ನಾಲ್ಕು ಹೊಡೆಯೋವರೆಗೆ. ನಾನು ನೀರು ನಡೆಸ್ತೀನಿ."

ಅವಳು ನನ್ನನ್ನು ನೋಡಿ ನಕ್ಕಳು. ದನಿಯಿಲ್ಲದ ನಗು. "ನೀನಾ?" ಎಂದು ಬರೆಯುವ ಅಗತ್ಯವೇ ಇರಲಿಲ್ಲ. ಆದರೂ ಗೋಡೆಯ ಗಡಿಯಾರ ತೋರಿಸಿ ತಲೆಯಾಡಿಸಿದಳು. ಸ್ಲೇಟಿನಲ್ಲಿ ನಾಲ್ಕು ಎಂದು ಬರೆದು ಸುತ್ತ ಗೆರೆ ಎಳೆದಳು.

ಓಣಿಯಲ್ಲಿ ಗಾಳಿ ನುಗ್ಗುತ್ತಿತ್ತು. ಮೂಗಿಗೆ ಪಂಚೆಯ ತುದಿ ಕಟ್ಟಿಕೊಂಡು ಕೊಳವೆಯ ಪಕ್ಕ ಮೊಣಕಾಲೂರಿದೆ. ಹೇಳಲು ಬಾಯಿ ಬರಲಿಲ್ಲ. ಬಂದದ್ದು ಒಂದೇ, ಕಿವಿ ಇಟ್ಟೆ. ಎದ್ದು ಕೊಳವೆ ಗೋಡೆಯಿಂದ ಹೊರಬರುವಲ್ಲಿ ಇಟ್ಟಾಗ ಏನೂ ಇಲ್ಲ, ಏಸಿ ನಿಂತ ಮೇಲೆ ಅಲ್ಲಿಯ ನೀರು ಇಳಿದಿತ್ತು. ಸೊಂಟದೆತ್ತರಕ್ಕೆ ಬಂದೆ. ಅಲ್ಲಿ ನೀರಿತ್ತು. ನಿಂತ ನೀರಿಗೂ ಒಂದು ಸದ್ದಿದೆ, ತುಂಬಿದ ಕೊಡವನ್ನು ಬೆರಳಲ್ಲಿ ತಟ್ಟಿದಾಗ ಬರುವಂಥ ದಪ್ಪ ಸದ್ದು. ಇನ್ನೂ ಕೆಳಗೆ ಬಂದೆ. ಬಾಯಿಗೆ ಒಂದು ಗೇಣು ಇರುವಲ್ಲಿ ಕಿವಿ ನಿಂತಿತು. ಒಳಗೆ ಯಾರೋ ಹೀರುತ್ತಿದ್ದರು. ಮೊಲೆಗೆ ಅಂಟಿಕೊಂಡ ಕೂಸು ನಿದ್ದೆಗಣ್ಣಿನಲ್ಲಿ ಬಿಟ್ಟು ಬಿಟ್ಟು ಹೀರುವ ಹಾಗೆ, ಬಹಳ ಮೆಲ್ಲಗೆ, ಬಹಳ ಸುಖವಾಗಿ.

ನೀರು ಮಾತು ಕೇಳಿತ್ತು, ಇಲ್ಲಿಯವರೆಗೂ ನಡೆದು ಬಂದಿತ್ತು. ಅದರ ದಾರಿಯಲ್ಲಿ ಯಾರೋ ಕೂತಿದ್ದರು.

ಹಿಂದೆ ಸರಿದು ನೋಡಿದೆ. ಕೊಳವೆಯ ಕೆಳಗಿನ ಮಣ್ಣು ಬೂದಿಯ ಹಾಗೆ ಒಣಗಿತ್ತು, ಬೆರಳಿಟ್ಟರೆ ಬಿಸಿ. ಕೆಂಚಾಂಬಕ್ಕನ ದಾಸವಾಳ ಕಡ್ಡಿಯಾಗಿತ್ತು, ಎದುರು ಮನೆಯ ಮಲ್ಲಿಗೆ ಸುಟ್ಟ ಕಾಗದದಂತಿತ್ತು. ಇಡೀ ಬೀದಿಯಲ್ಲಿ ಹಸಿರು ಎಂಬುದಿದ್ದರೆ ನಮ್ಮ ಬಸಳೆ. ಎಲೆಗಳು ಅಂಗೈ ಅಗಲ, ರಸ ತುಂಬಿ ಹೊಳೆಯುತ್ತಿದ್ದವು. ದಂಟು ಕಿರುಬೆರಳಿನಷ್ಟು ದಪ್ಪ. ಇಷ್ಟು ದಿನ ಇದನ್ನು ಕಂಡು ಅಕ್ಕನ ಕೈಗುಣ ಎಂದುಕೊಂಡಿದ್ದೆ.

"ಬಳ್ಳಿ ಬಾಯಾರಿದೆ" ಎಂದು ಅಕ್ಕ ಕಟ್ಟಿದ್ದು ನಿಜವಾಗಿತ್ತು. ಈಗ ಅದು ನಿಜವಲ್ಲ. ಯಾವ ಬಾಯಾರಿದ ಗಿಡ ಹೀಗೆ ಹೊಳೆಯುತ್ತದೆ?

ಎಲೆಗಳನ್ನು ಸರಿಸಿದೆ. ಬಳ್ಳಿಯ ಒಂದು ಗಿಣ್ಣು ಕೊಳವೆಯ ಬಾಯಿಗೆ ಒತ್ತಿಕೊಂಡಿತ್ತು. ಆ ಗಿಣ್ಣಿನಿಂದ ಬಿಳಿಯ ಬೇರು ಹೊರಟು ಒಳಗೆ ಹೋಗಿತ್ತು.

"ಏನ್ ಮಾಡ್ತಿದೀಯ?" ಕೆಂಚಾಂಬಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಮತ್ತೆ ಕಾಂಪೌಂಡಿನ ಹತ್ತಿರ ಬಂದಿದ್ದರು. "ಧರಣಪ್ಪ, ಬೇಡ! ಕೈ ಹಾಕ್ಬೇಡ! ಆಮೇಲೆ ಜನ್ಮದಲ್ಲಿ ನಿಮ್ಮಕ್ಕನ ಮಾತು ಕೇಳಲ್ಲ ಅದು!"

"ಅವಳು ಈಗ ಬಾಯಿ ಬಿಟ್ರೆ ಜನ್ಮದಲ್ಲಿ ಅವಳ ಮಾತು ಯಾರೂ ಕೇಳಲ್ಲ ಕೆಂಚಾಂಬಕ್ಕ. ನಾಲ್ಕು ಹೊಡೆಯೋಕೆ ಎಷ್ಟಿದೆ?"

ಅವರು ತಮ್ಮ ಮನೆಯೊಳಗೆ ಇಣುಕಿ ಬಂದರು. "ಏಳೋ ಎಂಟೋ ನಿಮಿಷ."

ನಮ್ಮದು ಗೆಡ್ಡೆ ಗೆಣಸು ತಿನ್ನದ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ. ಬೇರು ಕಿತ್ತು ತರುವ ಯಾವುದನ್ನೂ ಅಡುಗೆಮನೆಗೆ ಒಯ್ಯುವುದಿಲ್ಲ. ನೀರನ್ನು ಸೋಸದೆ ಕುಡಿಯುವುದಿಲ್ಲ, ಸೋಸಿದ ಬಟ್ಟೆಯನ್ನೂ ಮತ್ತೆ ನೀರಿನಲ್ಲೇ ಅದ್ದಿ ತೆಗೆಯುತ್ತೇವೆ, ಅದರಲ್ಲಿ ಉಳಿದ ಜೀವ ಸಾಯದಿರಲಿ ಎಂದು. ನನ್ನ ಕೈ ಆ ಬಿಳಿ ಬೇರನ್ನು ಹಿಡಿಯಿತು. ತಣ್ಣಗಿತ್ತು. ಕ್ಷಮಿಸು ಎಂದು ಮನಸ್ಸಿನಲ್ಲಿ ಹೇಳಿ ಎಳೆದೆ. ಬರಲಿಲ್ಲ. ಮಣಿಕಟ್ಟಿಗೆ ಸುತ್ತಿಕೊಂಡು ಎಳೆದೆ. ಒಂದು ಗೇಣು ಬಂದು ಟಕ್ಕನೆ ತುಂಡಾಯಿತು. ಉಳಿದದ್ದು ಒಳಗೇ ಸಿಕ್ಕಿಕೊಂಡಿತು. ಬೆರಳು ತೂರಿಸಿದೆ. ಲೋಳೆ ಸಿಕ್ಕಿತು, ಬೇರು ಸಿಗಲಿಲ್ಲ.

ಏನೋ ಬಂದು ನನ್ನ ಮೊಣಕಾಲಿನ ಹತ್ತಿರ ಬಿತ್ತು. ಸೈಕಲ್ಲಿನ ಹಳೆಯ ಬ್ರೇಕ್ ತಂತಿ, ತುದಿ ಕೊಕ್ಕೆಯ ಹಾಗೆ ಬಗ್ಗಿತ್ತು. ಕೆಂಚಾಂಬಕ್ಕ ನನಗೆ ಬೆನ್ನು ಮಾಡಿ ನಿಂತಿದ್ದರು. "ನಾನೇನೂ ಕೊಟ್ಟಿಲ್ಲ, ನಾನೇನೂ ನೋಡ್ಲಿಲ್ಲ," ಎಂದರು ಆಕಾಶಕ್ಕೆ. ಆಮೇಲೆ ದನಿ ತಗ್ಗಿಸಿ, "ನಮ್ಮ ಬಚ್ಚಲಿಗೆ ಇಟ್ಕೊಂಡಿರೋದು. ತಿರುಗಿಸ್ತಾ ಎಳಿ. ಸುಮ್ನೆ ಚುಚ್ಬೇಡ," ಎಂದರು.

ತಂತಿಯನ್ನು ತೂರಿಸಿ ತಿರುಗಿಸಿದೆ. ಏನೋ ಮೆತ್ತಗಿನದಕ್ಕೆ ಕೊಕ್ಕೆ ಹಿಡಿಯಿತು. ತಿರುಗಿಸುತ್ತಾ ಎಳೆದೆ. ಮೊದಲು ಕಂದು ಲೋಳೆ ಬಂತು, ಆಮೇಲೆ ಒಂದು ಜಡೆ ಬಂತು. ಸುಳ್ಳಲ್ಲ, ಜಡೆಯೇ. ಕೊಳವೆಯ ಸುತ್ತಳತೆಗೇ ಹೆಣೆದುಕೊಂಡ ಬಿಳಿ ಬೇರುಗಳ ಮೊಳದುದ್ದದ ಜಡೆ, ನೀರು ಕುಡಿದು ಕುಡಿದು ಊದಿಕೊಂಡಿತ್ತು. ಕೊನೆಯ ಎಳೆ ಹೊರಬಂದಾಗ ಕೊಳವೆಯೊಳಗೆ ಮೇಲಿನಿಂದ ಏನೋ ಜಾರಿ ಬಂದು ನಿಂತ ಸದ್ದಾಯಿತು.

ಬಗ್ಗಿ ನೋಡಿದೆ. ನೀರು ಬಾಯಿಯವರೆಗೆ ಬಂದಿತ್ತು. ಅಂಚಿನಲ್ಲಿ ಉಬ್ಬಿ ಕಣ್ಣಿನ ಹಾಗೆ ನಿಂತಿತ್ತು. ಮುಂದಕ್ಕೆ ಬರಲಿಲ್ಲ.

ಯಾರಾದರೂ ಹೇಳಬೇಕಿತ್ತು.

"ಕೆಂಚಾಂಬಕ್ಕ, ಹೇಳಿ," ಎಂದೆ. ಅವರು ಬಾಯಿ ತೆರೆದರು, ಗಾಳಿ ಒಳಗೆ ಹೋಯಿತು, ಕೆಮ್ಮು ಹತ್ತಿಕೊಂಡಿತು. ಗೋಡೆ ಹಿಡಿದು ಬಗ್ಗಿ ಕೆಮ್ಮುತ್ತಾ ನನ್ನ ಕಡೆ ಕೈ ಆಡಿಸಿದರು, ನೀನೇ, ನೀನೇ ಎಂದು.

ಒಳಗೆ ಗಡಿಯಾರ ಹೊಡೆಯಲು ಶುರುವಾಯಿತು. ಒಂದು. ಮಂಚ ಕಿರುಗುಟ್ಟಿತು. ಎರಡು. ಸ್ಲೇಟನ್ನು ಪಕ್ಕಕ್ಕಿಟ್ಟ ಸದ್ದು ಕೇಳಿತು. ಅವಳು ಬೆನ್ನು ನೆಟ್ಟಗೆ ಮಾಡುತ್ತಿದ್ದಳು, ನನಗೆ ಕಾಣದಿದ್ದರೂ ಗೊತ್ತು. ಮೂರು. ಗೋಡೆಯ ಆಚೆಯಿಂದ ಒಂದು ಉಸಿರು ಕೇಳಿತು, ಉದ್ದಕ್ಕೆ ಒಳಗೆ ಎಳೆದುಕೊಳ್ಳುವ ಉಸಿರು. ಆ ಉಸಿರಿನ ಹಿಂದೆಯೇ ಮೊದಲ ಅಕ್ಷರ ಬರುತ್ತದೆಂದು ನಲವತ್ತು ವರ್ಷದಿಂದ ನನ್ನ ಕಿವಿಗೆ ಗೊತ್ತು.

"ಹೊರಗೆ ದಾರಿಯುಂಟು," ಎಂದೆ.

ನನ್ನ ದನಿ ನನಗೇ ಪರಿಚಯವಾಗಲಿಲ್ಲ. ಎಲ್ಲೋ ಪೆಟ್ಟಿಗೆಯಲ್ಲಿ ಮಡಚಿಟ್ಟ ಅಂಗಿಯನ್ನು ಹಾಕಿಕೊಂಡಂತೆ ಎಲ್ಲ ಕಡೆ ಬಿಗಿಯುತ್ತಿತ್ತು. "ಹೊಸಿಲು ತಗ್ಗಾಗಿದೆ, ಹೆದರದೆ ನಡೆಯಮ್ಮ ನೀರೇ." ಆಚೆಯ ಉಸಿರು ಅಲ್ಲೇ ತಡೆಯಿತು. ಗಡಿಯಾರ ನಾಲ್ಕನೆಯದನ್ನು ಹೊಡೆಯಿತು. "ಗೋಡೆಯಾಚೆಗೆ ಒಂದು..." ಎಂದು ನಿಂತೆ. ಬಳ್ಳಿ ನನ್ನ ಕೈಯಲ್ಲಿತ್ತು. ಅದರ ಬೇರು ನನ್ನ ಮಣಿಕಟ್ಟಿಗೆ ಸುತ್ತಿತ್ತು, ನೀರು ಕುಡಿದು ತಣ್ಣಗೆ, ತೃಪ್ತವಾಗಿ. ಅದು ಬಾಯಾರಿದೆ ಎಂದು ಈ ನೀರಿಗೆ ಹೇಗೆ ಹೇಳಲಿ? ಕೊಳವೆಯ ಬಾಯಿಯಲ್ಲಿ ನೀರಿನ ಕಣ್ಣು ನನ್ನನ್ನೇ ನೋಡುತ್ತಿತ್ತು. ಅಂದು ಶಾಲೆಯ ಅಂಗಳದಲ್ಲಿ ಕಾಗದದ ದೋಣಿ ತೇಲಿದ್ದು ಕಣ್ಣ ಮುಂದೆ ಬಂತು. ಒಳಗೆ, ಒಂದು ಗೋಡೆಯ ಆಚೆ, ಅಕ್ಕ ಉಸಿರನ್ನು ಹಿಡಿದೇ ಇದ್ದಳು. ಹೊರಗೆ ಬಿಟ್ಟರೆ ಮಾತಾಗಿ ಬರುತ್ತದೆ.

ನಾನು ಕಟ್ಟಿದ್ದೆಂದು ಹೇಳಲಾರೆ. ಎದುರಿಗಿದ್ದದ್ದನ್ನು ಹೇಳಿದೆ. "ಗೋಡೆಯಾಚೆಗೆ ಒಂದು ಕೊರಳು ಸುಮ್ಮನೆ ಕೂತಿದೆ, ನಿನ್ನ ಸದ್ದಿಗೆ ಕಾದು, ನೀರೇ."

ಉಬ್ಬಿದ ಕಣ್ಣು ಒಂದು ಸಲ ನಡುಗಿತು. ಒಡೆಯಿತು. ಬೂದಿಯಂಥ ಮಣ್ಣಿನ ಮೇಲೆ ಬಿದ್ದು ಚುಯ್ ಎಂದಿತು. ಅದರ ಹಿಂದೆ ಇನ್ನೊಂದು, ಆಮೇಲೆ ಎಣಿಸಲಾಗದ ಹಾಗೆ ಒಂದೇ ಧಾರೆ, ಮಧ್ಯಾಹ್ನವೆಲ್ಲ ಕಾದು ಕಾದು ಸಾಕಾದವರು ಬಾಗಿಲು ತೆಗೆದ ಕೂಡಲೆ ಹೊರಡುವ ಹಾಗೆ ಹೊರಟಿತು. ನನ್ನ ಮೊಣಕಾಲು ನೆನೆಯಿತು. ಕೆಂಚಾಂಬಕ್ಕ ಕೆಮ್ಮುತ್ತಲೇ ಕಾಂಪೌಂಡಿಗೆ ಬಡಿದು, "ಹೋಯ್ತು ಕಣೋ! ಮೂಗಪ್ಪನ ಮಾತಿಗೆ ಹೋಯ್ತು!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಶಾಲೆ ಬಿಟ್ಟ ಮೇಲೆ ಯಾರೂ ನನ್ನನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಅವರೂ ಅದೇ ಶಾಲೆಯಲ್ಲಿ ನನಗಿಂತ ಮುಂದಿನ ತರಗತಿಯಲ್ಲಿದ್ದರು ಎಂಬುದು ಆಗ ನೆನಪಾಯಿತು.

ಗೋಡೆಯ ಒಳಗಿನಿಂದ ಹಿಡಿದ ಉಸಿರು ಮೆಲ್ಲಗೆ ಹೊರಬಂದ ಸದ್ದು ಕೇಳಿತು. ಅದರಲ್ಲಿ ಅಕ್ಷರವಿರಲಿಲ್ಲ.

ಪ್ಲಗ್ಗನ್ನು ಒರೆಸಿ, ಹತ್ತಿಯಿಂದ ಒತ್ತಿ, ಬೀಸಣಿಗೆ ಬೀಸಿ ಒಣಗಿಸಿ ಫ್ಯೂಸು ಹಾಕುವಷ್ಟರಲ್ಲಿ ಐದಾಗಿತ್ತು. ಏಸಿ ಗುರ್ ಎಂದು ಶುರುವಾಯಿತು. ಅಕ್ಕ ಗೋಡೆಗೆ ಕಿವಿ ಇಟ್ಟು ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅದು ನಾನು ಕೂರುವ ರೀತಿ.

ಕೈ ಹಾಕಿದ್ದನ್ನು ಹೇಳಬೇಕಿತ್ತು. ಬೇರಿನ ಜಡೆಯನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದೆ. "ನಿನ್ನ ದನಿ ಹೋಗಿರಲಿಲ್ಲ. ನೀರು ನಿನ್ನ ಮಾತು ಕೇಳಿ ಕೆಳಗಿನವರೆಗೂ ಬಂದಿತ್ತು. ಇದು ಕುಡೀತಾ ಕೂತಿತ್ತು. ಕ್ಷಮಿಸಕ್ಕ, ನಾನು ಕೈ ಹಾಕ್ದೆ. ಬುಡ ಕಿತ್ತಿಲ್ಲ. ಬಳ್ಳಿಯನ್ನ ಕಾಂಪೌಂಡಿನ ಕಡೆ ಹಬ್ಬಿಸಿದೀನಿ."

ಅವಳು ಜಡೆಯನ್ನು ಬೆರಳಲ್ಲಿ ಎತ್ತಿ ಬಹಳ ಹೊತ್ತು ನೋಡಿದಳು. ದಿಂಬಿನ ಕೆಳಗಿನಿಂದ ಕರವಸ್ತ್ರ ತೆಗೆದು ಬಾಯಿಗೆ ಒತ್ತಿ ನೋಡಿದಳು. ಹೊಸ ಕೆಂಪಿರಲಿಲ್ಲ. ಆಮೇಲೆ ಸ್ಲೇಟನ್ನು ಎಳೆದುಕೊಂಡು ಗೆರೆ ಎಳೆದ ನಾಲ್ಕನ್ನು ಅಂಗೈಯಿಂದ ಅಳಿಸಿದಳು.

"ಮೂರನೇ ಸಾಲು ಕುಂಟುತ್ತದೆ," ಎಂದು ಬರೆದಳು.

"ತಿದ್ದಲಾ?" ಎಂದೆ.

ಅವಳು ತಲೆಯಲ್ಲಾಡಿಸಿ ಬೇಡವೆಂದಳು. ಹೊರಗೆ ನೀರು ಒಂದೇ ಸಮನೆ ಬೀಳುತ್ತಿತ್ತು. ಒರೆಸಿ, ಬಳಪವನ್ನು ಚೂಪು ಮಾಡಿಕೊಂಡು, ಹೊಸ ಮನೆಯವರಿಗೆ ಬರೆದುಕೊಡುವಾಗಿನ ದುಂಡಕ್ಷರದಲ್ಲಿ ಬರೆದು ಸ್ಲೇಟನ್ನು ನನ್ನ ಕಡೆ ತಿರುಗಿಸಿದಳು.

"ಇದು ಒಂಬತ್ತು ದಿನದ ಪದ್ಯ. ಆಮೇಲೆ ಈ ಕೊರಳು ಸುಮ್ಮನಿರುವುದಿಲ್ಲ, ಪದ್ಯ ಸುಳ್ಳಾಗುತ್ತದೆ, ನೀರು ಮತ್ತೆ ಕಟ್ಟುತ್ತದೆ. ಆಗ ನಾನು ತಿದ್ದುತ್ತೇನೆ."

ಗಂಜಿ ಆರಿ ಕೆನೆಗಟ್ಟಿತ್ತು. ಹೊತ್ತು ಮುಳುಗುವುದರೊಳಗೆ ಅವಳಿಗೆ ಕುಡಿಸಬೇಕಿತ್ತು. ಬಿಸಿ ಮಾಡಲು ಎದ್ದೆ.